ಫಾರ್ಮ್ಯಾಟ್ ಹೊಡೆಸುವ ಮುನ್ನ: ಮನೆಯ ಕಂಪ್ಯೂಟರನ್ನು ನೀವೇ ಹದಕ್ಕೆ ತರುವ ಬಗೆ

ಮನೆಯ ಕಂಪ್ಯೂಟರ್ ನಿಧಾನವಾಯಿತೆಂದು ಅಂಗಡಿಗೆ ಒಯ್ದರೆ ದಾವಣಗೆರೆಯಲ್ಲಾಗಲಿ, ಚಿತ್ರದುರ್ಗದಲ್ಲಾಗಲಿ ಮೊದಲು ಕೇಳಿಬರುವ ಮಾತು ‘ಫಾರ್ಮ್ಯಾಟ್ ಹೊಡೀಬೇಕ್ರಿ’ ಎಂಬುದು. ಅಂಗಡಿಯವರ ಮಟ್ಟಿಗೆ ಅದು ಸರಿಯೇ. ದೋಷ ಎಲ್ಲಿದೆಯೆಂದು ಗಂಟೆಗಟ್ಟಲೆ ಹುಡುಕುವುದಕ್ಕಿಂತ ಇದ್ದುದನ್ನೆಲ್ಲ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವ ಕೆಲಸ ಬೇಗ ಮುಗಿಯುತ್ತದೆ. ಆದರೆ ಮನೆಗೆ ತಂದ ಮೇಲೆ ಪ್ರಿಂಟರ್ ಮಾತು ಕೇಳುವುದಿಲ್ಲ, ನುಡಿ ಎಂಬ ಕನ್ನಡ ಬರವಣಿಗೆಯ ತಂತ್ರಾಂಶದಲ್ಲಿ ಬರೆದಿಟ್ಟ ಹಳೆಯ ಪತ್ರಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ತೆರೆದುಕೊಳ್ಳುತ್ತವೆ, ಬ್ರೌಸರ್ ನೆನಪಿಟ್ಟುಕೊಂಡಿದ್ದ ಪಾಸ್‌ವರ್ಡ್‌ಗಳು ಹೋಗಿರುತ್ತವೆ. ಇಷ್ಟೆಲ್ಲ ಆದರೂ ನಿಧಾನಕ್ಕೆ ಕಾರಣವಾಗಿದ್ದ ಹಳೆಯ ಹಾರ್ಡ್‌ಡಿಸ್ಕ್ ಒಳಗೇ ಉಳಿದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಪಾಡು. ಆದ್ದರಿಂದ ಫಾರ್ಮ್ಯಾಟ್ ಎಂಬುದು ಕೊನೆಯ ಉಪಾಯವಾಗಬೇಕು. ಅದಕ್ಕೂ ಮುಂಚೆ ದೋಷದ ಮೂಲ ಎಲ್ಲಿದೆಯೆಂದು ನೋಡಬೇಕು. ಈ ಲೇಖನದ ಕ್ರಮಗಳು ವಿಂಡೋಸ್ 10 ಮತ್ತು 11 ಎರಡಕ್ಕೂ ಅನ್ವಯಿಸುತ್ತವೆ; ಮೆನುಗಳ ಹೆಸರುಗಳನ್ನು ಪರದೆಯ ಮೇಲೆ ಕಾಣುವಂತೆಯೇ ಕೊಡಲಾಗಿದೆ.

ಮೊದಲ ಕೆಲಸ ನಕಲು

ಯಾವುದೇ ಗುಂಡಿ ಒತ್ತುವ ಮೊದಲು ಮುಖ್ಯವಾದ ಫೈಲುಗಳನ್ನು ಬೇರೊಂದು ಹಾರ್ಡ್‌ಡಿಸ್ಕ್‌ಗೋ ಪೆನ್‌ಡ್ರೈವ್‌ಗೋ ನಕಲು ಮಾಡಿಕೊಳ್ಳಿ. ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಪಿಕ್ಚರ್ಸ್, ಡೌನ್‌ಲೋಡ್ಸ್ ಎಂಬ ನಾಲ್ಕು ಫೋಲ್ಡರ್‌ಗಳು ಎಲ್ಲರ ನೆನಪಿಗೂ ಬರುತ್ತವೆ. ನೆನಪಿಗೆ ಬಾರದವು ಬೇರೆ ಇವೆ. ಮನೆಯಲ್ಲೇ ಅಂಗಡಿಯ ಲೆಕ್ಕ ಬರೆಯುವವರು ಟ್ಯಾಲಿಯ ದತ್ತಾಂಶ ಯಾವ ಫೋಲ್ಡರ್‌ನಲ್ಲಿದೆ ಎಂಬುದನ್ನು ಟ್ಯಾಲಿಯೊಳಗೇ ನೋಡಿ, ಅದರದೇ ಬ್ಯಾಕಪ್ ಸೌಲಭ್ಯದಿಂದ ಪ್ರತಿ ತೆಗೆಯಬೇಕು. ನುಡಿಯಲ್ಲಿ ಬರೆಯುವವರು ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ನೊಳಗಿನ ಫಾಂಟ್ಸ್‌ಗೆ ಹೋಗಿ, ನುಡಿ ಎಂಬ ಹೆಸರಿನಿಂದ ಶುರುವಾಗುವ ಅಕ್ಷರಶೈಲಿಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಬೇಕು. ಎಲ್ಲ ಯಂತ್ರಗಳಲ್ಲೂ ಓದಲು ಬರುವ ಯೂನಿಕೋಡ್ ಎಂಬ ಅಕ್ಷರ ಸಂಕೇತಕ್ಕೆ ಬದಲಾಗದ ಹಳೆಯ ಕಡತಗಳು ಆ ಫಾಂಟ್ ಇಲ್ಲದೆ ಓದಲು ಬರುವುದಿಲ್ಲ. ಕಡತ ಕೆಟ್ಟಿತೆಂದು ಭಾವಿಸಿ ಅಳಿಸಿಬಿಡುವವರೂ ಇದ್ದಾರೆ. ಫಾಂಟ್ ಮರಳಿ ಹಾಕಿದರೆ ಅಕ್ಷರಗಳೂ ಮರಳುತ್ತವೆ.

ಇನ್ನೊಂದು ಸಂಗತಿ: ವಿಂಡೋಸ್ 11 ಇರುವ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಬದಲಾಗಿರುತ್ತದೆ. ದುರಸ್ತಿಯ ನಡುವೆ ಅದು ಬಿಟ್‌ಲಾಕರ್ ಎಂಬ ಈ ಗೂಢಲಿಪಿ ಸೌಲಭ್ಯದ 48 ಅಂಕಿಗಳ ಕೀಲಿಯನ್ನು ಕೇಳಬಹುದು. ಆ ಕೀಲಿ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಕಂಪ್ಯೂಟರ್ ಚೆನ್ನಾಗಿರುವಾಗಲೇ ಅದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಅದಿಲ್ಲದಿದ್ದರೆ ಡಿಸ್ಕ್‌ನಲ್ಲಿರುವ ಮಾಹಿತಿಯನ್ನು ಯಾರಿಂದಲೂ ತೆರೆಯಲಾಗದು.

ದೋಷ ಎಲ್ಲಿದೆ?

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಮೊದಲ ಪುಟದಲ್ಲಿ ಸಿಪಿಯು, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಎಂಬ ಅಂಕಣಗಳಿರುತ್ತವೆ. ಕಂಪ್ಯೂಟರ್ ಆನ್ ಆದ ಹತ್ತು ಹದಿನೈದು ನಿಮಿಷ ವಿಂಡೋಸ್ ತನ್ನ ಅಪ್‌ಡೇಟ್, ವೈರಸ್ ತಪಾಸಣೆ, ಹುಡುಕಾಟದ ಸೂಚಿ ಇತ್ಯಾದಿಗಳಲ್ಲಿ ತೊಡಗಿರುವುದರಿಂದ ಆಗಿನ ಅಂಕಿಗಳನ್ನು ನಂಬಬಾರದು. ಅದು ತಣ್ಣಗಾದ ಮೇಲೂ ಯಾವ ಅಂಕಣ ಮೇಲೆಯೇ ನಿಂತಿದೆ ಎಂಬುದನ್ನು ಗಮನಿಸಬೇಕು. ಅಂಕಣದ ಶೀರ್ಷಿಕೆಯ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ಹೆಚ್ಚು ಬಳಸುತ್ತಿರುವ ತಂತ್ರಾಂಶ ಮೇಲಕ್ಕೆ ಬರುತ್ತದೆ.

ಡಿಸ್ಕ್ ಅಂಕಣ ಬಿಡದೆ 100 ಪರ್ಸೆಂಟ್ ತೋರಿಸುತ್ತಿದ್ದರೆ ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ ಡಿಸ್ಕ್ ಮೇಲೆ ಕ್ಲಿಕ್ ಮಾಡಿ. ಅಲ್ಲಿ ಅದು ಎಚ್‌ಡಿಡಿಯೋ (ತಿರುಗುವ ತಟ್ಟೆಯ ಹಾರ್ಡ್‌ಡಿಸ್ಕ್) ಎಸ್‌ಎಸ್‌ಡಿಯೋ (ಚಿಪ್‌ಗಳಿಂದಾದ ಡಿಸ್ಕ್) ಎಂದು ನಮೂದಾಗಿರುತ್ತದೆ, ಕೆಳಗೆ ಆವರೇಜ್ ರೆಸ್ಪಾನ್ಸ್ ಟೈಮ್ ಎಂಬ ಅಂಕಿಯೂ ಇರುತ್ತದೆ. ಹೆಚ್ಚಿನವರು ಈ ಅಂಕಿಯತ್ತ ನೋಡುವುದೇ ಇಲ್ಲ. ಒಂದಂಕಿಯ ಅಥವಾ ಎರಡಂಕಿಯ ಮಿಲಿಸೆಕೆಂಡ್ ಇದ್ದರೆ ಆತಂಕವಿಲ್ಲ. ಹೆಚ್ಚಿನ ಕೆಲಸವೇನೂ ಇಲ್ಲದಾಗಲೂ ನೂರಾರು, ಸಾವಿರಾರು ಮಿಲಿಸೆಕೆಂಡ್ ತೋರಿಸುತ್ತಿದ್ದರೆ ಡಿಸ್ಕ್ ಸವೆದಿರುವ ಸಾಧ್ಯತೆ ಹೆಚ್ಚು. ಜೊತೆಗೆ ಒಳಗಿನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರಂತೂ ಸ್ವಚ್ಛತೆಯ ವಿಚಾರ ಬಿಟ್ಟು ಮೊದಲು ಫೈಲುಗಳನ್ನು ಹೊರತೆಗೆಯಿರಿ. ಸಾಯುತ್ತಿರುವ ಡಿಸ್ಕ್ ಮೇಲೆ ಚೆಕ್‌ಡಿಸ್ಕ್ ಎಂಬ ವಿಂಡೋಸ್‌ನ ಡಿಸ್ಕ್ ತಪಾಸಣೆ ಓಡಿಸುವುದು ಅದಕ್ಕೆ ಇನ್ನಷ್ಟು ಹೊರೆ ಹೊರಿಸಿದಂತೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಡಿಸ್ಕ್‌ನ ಆರೋಗ್ಯವನ್ನು ಬಣ್ಣದಲ್ಲೇ ತೋರಿಸುತ್ತದೆ.

ಡಿಸ್ಕ್ ಗಟ್ಟಿಯಾಗಿದ್ದೂ ನಿಧಾನವಾಗಿದ್ದರೆ ಅದರ ರಚನೆಯೇ ಕಾರಣ. ಎಚ್‌ಡಿಡಿಯ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ. ಬೇಕಾದ ಮಾಹಿತಿ ಸಿಗಲು ಓದುವ ತಲೆ ಅಲ್ಲಿಗೆ ಸರಿಯಬೇಕು, ತಟ್ಟೆಯೂ ಆ ಜಾಗಕ್ಕೆ ತಿರುಗಿ ಬರಬೇಕು. ಹೀಗಾಗಿ ಚದುರಿಹೋದ ಸಣ್ಣ ಫೈಲುಗಳನ್ನು ಅದು ಸೆಕೆಂಡಿಗೆ ನೂರರ ಆಸುಪಾಸಿನಲ್ಲಷ್ಟೇ ಓದಬಲ್ಲದು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಸಾವಿರಾರು ಓದುತ್ತದೆ. ಇಂದಿನ ವಿಂಡೋಸ್ ಹಿನ್ನೆಲೆಯಲ್ಲಿ ಮಾಡುವ ಕೆಲಸದ ಪ್ರಮಾಣ ನೋಡಿದರೆ, ಎಚ್‌ಡಿಡಿ ಮೇಲೆ ವಿಂಡೋಸ್ ಇಟ್ಟುಕೊಂಡು ಎಷ್ಟು ಸ್ವಚ್ಛ ಮಾಡಿದರೂ ಸಿಗುವ ಫಲ ಅಲ್ಪ. ಅಂಗಡಿಗೆ ಹಣ ಕೊಡುವುದೇ ಆದರೆ ಫಾರ್ಮ್ಯಾಟ್‌ಗಿಂತ ಎಸ್‌ಎಸ್‌ಡಿ ಹಾಕಿಸಿ, ಹಳೆಯ ಡಿಸ್ಕ್‌ನಲ್ಲಿರುವುದನ್ನು ಹಾಗೆಯೇ ಅದಕ್ಕೆ ಕ್ಲೋನ್ ಮಾಡಿಕೊಡಲು ಕೇಳುವುದು ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ.

ಮೆಮೊರಿ ಅಂಕಣ 90 ಪರ್ಸೆಂಟ್ ದಾಟಿದ್ದರೆ ಬ್ರೌಸರ್‌ನಲ್ಲಿ ತೆರೆದಿಟ್ಟ ಟ್ಯಾಬ್‌ಗಳನ್ನು ಮುಚ್ಚಿ ನೋಡಿ; 4 ಜಿಬಿ ರ‍್ಯಾಮ್ ಇರುವ ಯಂತ್ರಕ್ಕೆ ಇನ್ನೂ 4 ಜಿಬಿ ಸೇರಿಸುವುದೇ ಶಾಶ್ವತ ಪರಿಹಾರ. ಸಿಪಿಯು ಏರಿದ್ದು ಫ್ಯಾನ್ ಕೂಡ ಜೋರಾಗಿ ಕೂಗುತ್ತಿದ್ದರೆ ತಂತ್ರಾಂಶವನ್ನು ದೂರುವ ಮೊದಲು ಒಳಗಿನ ದೂಳು ನೋಡಬೇಕು. ಪ್ರೊಸೆಸರ್ ಬಿಸಿಯಾದಾಗ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಮಂಡಕ್ಕಿ ಭಟ್ಟಿಗಳ ಆಸುಪಾಸಿನ ಮನೆಗಳಲ್ಲಿ ಬೂದಿ ಮತ್ತು ಮಸಿ ಎಣ್ಣೆಯ ಅಂಶದೊಡನೆ ಸೇರಿ ಫ್ಯಾನ್ ಎಲೆಗಳಿಗೆ ಗಟ್ಟಿಯಾಗಿ ಅಂಟುವುದುಂಟು. ಅದು ಬರೀ ಗಾಳಿ ಊದಿದರೆ ಹೋಗದು. ಕಂಪ್ಯೂಟರನ್ನು ಆರಿಸಿ, ವೈರ್ ಕಿತ್ತು, ಮೃದುವಾದ ಒಣ ಬ್ರಷ್‌ನಿಂದ ತೆಗೆಯಬೇಕು, ಆಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದಿರಬೇಕು.

ಪರ್ಫಾರ್ಮೆನ್ಸ್ ಪುಟದ ಸಿಪಿಯು ಭಾಗದಲ್ಲಿ ಅಪ್ ಟೈಮ್ ಎಂಬುದನ್ನೂ ಒಮ್ಮೆ ನೋಡಿ. ದಿನವೂ ರಾತ್ರಿ ಶಟ್‌ಡೌನ್ ಮಾಡುತ್ತಿದ್ದರೂ ಅಲ್ಲಿ ಹಲವು ದಿನಗಳ ಲೆಕ್ಕ ಕಾಣಬಹುದು. 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಇರುವುದರಿಂದ, ಶಟ್‌ಡೌನ್ ಒತ್ತಿದಾಗ ವಿಂಡೋಸ್‌ನ ತಿರುಳು ಪೂರ್ತಿ ಮುಚ್ಚದೆ ಡಿಸ್ಕ್‌ನಲ್ಲಿ ಹಾಗೆಯೇ ಉಳಿದಿರುತ್ತದೆ. ಪೂರ್ತಿ ಹೊಸದಾಗಿ ಶುರುವಾಗಬೇಕಿದ್ದರೆ ರೀಸ್ಟಾರ್ಟ್ ಒತ್ತಬೇಕು. ಪ್ರಿಂಟರ್ ಸಿಕ್ಕಿಕೊಳ್ಳುವುದು, ವೈಫೈ ಮಾಯವಾಗುವುದು ಮುಂತಾದ ಎಷ್ಟೋ ತಕರಾರುಗಳು ಇಷ್ಟರಿಂದಲೇ ಹೋಗುತ್ತವೆ.

ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಆ್ಯಪ್ಸ್ ಪುಟದಲ್ಲಿ, ಕಂಪ್ಯೂಟರ್ ಜೊತೆಗೇ ಎದ್ದು ಕೂರುವ ತಂತ್ರಾಂಶಗಳ ಪಟ್ಟಿಯಿದೆ. ಆಟ, ಹಾಡು, ಟೊರೆಂಟ್, ಮೀಟಿಂಗ್ ತಂತ್ರಾಂಶಗಳನ್ನು ಧೈರ್ಯವಾಗಿ ಡಿಸೇಬಲ್ ಮಾಡಬಹುದು. ಅವು ಅಳಿಸಿಹೋಗುವುದಿಲ್ಲ, ಬೇಕಾದಾಗ ನೀವೇ ತೆರೆದರಾಯಿತು. ವಿಂಡೋಸ್ ಸೆಕ್ಯುರಿಟಿ, ಧ್ವನಿ ಹಾಗೂ ಟಚ್‌ಪ್ಯಾಡ್‌ಗೆ ಸಂಬಂಧಿಸಿದವು, ಜಿಎಸ್‌ಟಿ ಸಲ್ಲಿಕೆಗೆ ಬಳಸುವ ಡಿಜಿಟಲ್ ಸಹಿಯ ಟೋಕನ್‌ನ ತಂತ್ರಾಂಶ ಇವನ್ನು ಮುಟ್ಟಬೇಡಿ.

ಜಾಗ ಬಿಡಿಸುವುದು

ಸೆಟ್ಟಿಂಗ್ಸ್, ಸಿಸ್ಟಂ, ಸ್ಟೋರೇಜ್, ಟೆಂಪರರಿ ಫೈಲ್ಸ್ ಎಂಬ ಹಾದಿಯಲ್ಲಿ ಹೋದರೆ ಅಳಿಸಬಹುದಾದ ಫೈಲುಗಳು ಗಾತ್ರದ ಸಮೇತ ಕಾಣುತ್ತವೆ. ಈ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಕೂಡ ಒಂದು ಸಾಲಾಗಿ ನಿಂತಿರುತ್ತದೆ, ಅದರ ಮುಂದಿನ ಗುರುತು ತೆಗೆದಿರುವುದನ್ನು ಖಚಿತಪಡಿಸಿಕೊಂಡೇ ರಿಮೂವ್ ಒತ್ತಿ. ಪ್ರೀವಿಯಸ್ ವಿಂಡೋಸ್ ಇನ್‌ಸ್ಟಲೇಷನ್ ಎಂಬುದು ಹಲವು ಜಿಬಿ ತಿಂದಿರಬಹುದು. ದೊಡ್ಡ ಅಪ್‌ಡೇಟ್ ಆದ 10 ದಿನಗಳೊಳಗೆ ಹಿಂದಿನ ಆವೃತ್ತಿಗೆ ಮರಳಲು ಅದೇ ಆಧಾರ, ಹೊಸದು ಚೆನ್ನಾಗಿ ನಡೆಯುತ್ತಿದ್ದರೆ ತೆಗೆಯಬಹುದು. ಸಿ ಡ್ರೈವ್‌ನಲ್ಲಿ 20 ಜಿಬಿಯಾದರೂ ಖಾಲಿ ಇಟ್ಟುಕೊಳ್ಳುವುದು ಲೇಸು.

ಡೌನ್‌ಲೋಡ್ಸ್ ಫೋಲ್ಡರನ್ನು ಕೈಯಾರೆ ಶುಚಿ ಮಾಡಬೇಕು. ಒಂದೇ ಪಹಣಿ, ಒಂದೇ ಇ-ಆಧಾರ್, ಮಕ್ಕಳ ಒಂದೇ ಅಂಕಪಟ್ಟಿ, ಹೆಸರಿನ ಮುಂದೆ ಆವರಣದಲ್ಲಿ ಒಂದು, ಎರಡು, ಮೂರು ಎಂಬ ಅಂಕಿ ಹೊತ್ತು ಸಾಲಾಗಿ ಕುಳಿತಿರುತ್ತವೆ. ಜಾಗದ ದೃಷ್ಟಿಯಿಂದ ಅವು ಚಿಕ್ಕವು. ಆದರೆ ಕಂಪ್ಯೂಟರನ್ನು ಮುಂದೆ ಯಾರದೋ ಕೈಗೆ ದುರಸ್ತಿಗೆ ಕೊಡಬೇಕಾಗಿ ಬಂದಾಗ ಅವು ಅಲ್ಲಿ ಬಿದ್ದಿರುವುದು ಕ್ಷೇಮವಲ್ಲ.

ರಿಜಿಸ್ಟ್ರಿ ಕ್ಲೀನರ್, ಪಿಸಿ ಬೂಸ್ಟರ್ ಎಂಬ ಹೆಸರಿನ ತಂತ್ರಾಂಶಗಳು ಬೇಡವೇ ಬೇಡ. ಇಂಥವುಗಳ ಬಳಕೆಯನ್ನು ಮೈಕ್ರೋಸಾಫ್ಟ್ ಬೆಂಬಲಿಸುವುದಿಲ್ಲ. ಹೆಸರುವಾಸಿಯಾದ ಸಿಕ್ಲೀನರ್‌ನ ಅಧಿಕೃತ ಆವೃತ್ತಿಯೊಂದರೊಳಗೇ 2017ರಲ್ಲಿ ದುಷ್ಕರ್ಮಿಗಳು ಕುತಂತ್ರಾಂಶ ತುರುಕಿದ್ದರು, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಅದು ಇಳಿದಿತ್ತು. ವಿಂಡೋಸ್‌ನಲ್ಲೇ ಇರುವ ಸಾಧನಗಳು ಮನೆ ಬಳಕೆಗೆ ಧಾರಾಳ. ಎಸ್‌ಎಸ್‌ಡಿ ಇದ್ದರೆ ಡೀಫ್ರಾಗ್ (ಚದುರಿದ ಫೈಲುಗಳನ್ನು ಒಂದೆಡೆ ಜೋಡಿಸುವುದು) ಮಾಡುವ ಅಗತ್ಯವೂ ಇಲ್ಲ. ಅದಕ್ಕೆ ಬೇಕಾದ ಟ್ರಿಮ್ ಕೆಲಸವನ್ನು, ಅಂದರೆ ಅಳಿಸಿದ ಫೈಲುಗಳ ಜಾಗ ಖಾಲಿಯಾಗಿದೆಯೆಂದು ಡಿಸ್ಕ್‌ಗೆ ತಿಳಿಸುವುದನ್ನು, ವಿಂಡೋಸ್ ತಾನೇ ಆಗಾಗ ಮಾಡಿಕೊಳ್ಳುತ್ತದೆ.

ವೈರಸ್ಸೋ, ಬರೀ ಬೆದರಿಕೆಯೋ?

‘ನಿಮ್ಮ ಕಂಪ್ಯೂಟರ್‌ಗೆ ವೈರಸ್ ತಗುಲಿದೆ’ ಎಂಬ ಚೌಕಟ್ಟು ಪರದೆಯ ಬಲಮೂಲೆಯಲ್ಲಿ ಮತ್ತೆ ಮತ್ತೆ ಏಳುತ್ತಿದ್ದರೆ ಬಹುಮಟ್ಟಿಗೆ ಅದು ವೈರಸ್ ಅಲ್ಲ. ಯಾವುದೋ ಜಾಲತಾಣ ಕೇಳಿದ ಅನುಮತಿಗೆ ಮನೆಯಲ್ಲಿ ಯಾರೋ ಅಲೋ ಎಂದು ಒತ್ತಿರುತ್ತಾರೆ. ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್ ತೆರೆದು, ಅನುಮತಿ ಪಡೆದ ಪಟ್ಟಿಯಿಂದ ಗುರುತಿಲ್ಲದ ಹೆಸರುಗಳನ್ನು ತೆಗೆದರೆ ಅಲ್ಲಿಗೆ ಮುಗಿಯಿತು. ಆ ಚೌಕಟ್ಟಿನಲ್ಲಿರುವ ಫೋನ್ ಸಂಖ್ಯೆಗೆ ಕರೆ ಮಾಡಬಾರದು.

ನಿಜವಾಗಿ ಸಂಶಯವಿದ್ದರೆ ವಿಂಡೋಸ್ ಸೆಕ್ಯುರಿಟಿಯಲ್ಲಿ ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್, ಸ್ಕ್ಯಾನ್ ಆಪ್ಷನ್ಸ್ ಮೂಲಕ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಸುಮಾರು 15 ನಿಮಿಷ ತಪಾಸಣೆ ನಡೆಯುತ್ತದೆ. ಅದೇ ಭಾಗದ ಮ್ಯಾನೇಜ್ ಸೆಟ್ಟಿಂಗ್ಸ್‌ನಲ್ಲಿ ಕೆಳಗೆ ಎಕ್ಸ್‌ಕ್ಲೂಷನ್ಸ್ ಎಂಬುದಿದೆ. ಹಿಂದೆ ಯಾರಾದರೂ ಕ್ರ್ಯಾಕ್ ಮಾಡಿದ ವಿಂಡೋಸ್ ಅಥವಾ ಆಫೀಸ್ ಹಾಕಿಕೊಟ್ಟಿದ್ದರೆ, ಆ ಕ್ರ್ಯಾಕ್ ಸಿಕ್ಕಿಬೀಳದಂತೆ ಇಡೀ ಸಿ ಡ್ರೈವನ್ನೇ ಇಲ್ಲಿ ತಪಾಸಣೆಯಿಂದ ಹೊರಗಿಟ್ಟಿರುವುದುಂಟು. ಹಾಗಿದ್ದಲ್ಲಿ ಎಷ್ಟು ಸಲ ಸ್ಕ್ಯಾನ್ ಮಾಡಿದರೂ ಏನೂ ಸಿಕ್ಕದು. ಈ ಪಟ್ಟಿ ಖಾಲಿ ಇರಬೇಕು. ಎರಡೆರಡು ಆ್ಯಂಟಿವೈರಸ್ ಇಟ್ಟುಕೊಳ್ಳುವುದೂ ಬೇಡ, ಒಂದು ಸಾಕು.

ವಿಂಡೋಸ್‌ನ ಫೈಲುಗಳೇ ಕೆಟ್ಟಿದ್ದರೆ

ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದು ಮಾಡುವ ದಿನಗಳಲ್ಲಿ, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಅಪ್‌ಡೇಟ್ ನಡುವೆಯೇ ಆರಿಹೋದರೆ ವಿಂಡೋಸ್‌ನ ಫೈಲುಗಳು ಅರೆಬರೆಯಾಗಿ ಉಳಿಯುತ್ತವೆ. ನೀಲಿ ಪರದೆ ಬರುವುದು, ಸ್ಟಾರ್ಟ್ ಮೆನು ತೆರೆಯದಿರುವುದು ಇದರ ಲಕ್ಷಣ. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಟರ್ಮಿನಲ್ ಅಥವಾ ಪವರ್‌ಶೆಲ್ ಅನ್ನು ಅಡ್ಮಿನ್ ಆಗಿ ತೆರೆಯಿರಿ. ಇಂಗ್ಲಿಷ್ ಅಕ್ಷರಗಳಲ್ಲಿ ಡಿಐಎಸ್‌ಎಂ ಎಂದು ಟೈಪಿಸಿ, ಜಾಗ ಬಿಟ್ಟು ಓರೆಗೆರೆ ಹಾಕಿ ಆನ್‌ಲೈನ್, ಮತ್ತೆ ಜಾಗ ಬಿಟ್ಟು ಓರೆಗೆರೆ ಹಾಕಿ ಕ್ಲೀನಪ್, ಅದಕ್ಕೆ ಅಡ್ಡಗೆರೆಯಿಂದ ಸೇರಿಸಿ ಇಮೇಜ್, ಕೊನೆಗೆ ಜಾಗ ಬಿಟ್ಟು ಓರೆಗೆರೆ ಹಾಕಿ ರಿಸ್ಟೋರ್‌ಹೆಲ್ತ್ ಎಂದು ಬರೆದು (DISM /Online /Cleanup-Image /RestoreHealth) ಎಂಟರ್ ಒತ್ತಿ. ಇದಕ್ಕೆ ಇಂಟರ್ನೆಟ್ ಬೇಕು. ನಡುವೆ ಒಂದೇ ಅಂಕಿಯಲ್ಲಿ ಬಹಳ ಹೊತ್ತು ನಿಂತರೂ ಮುಚ್ಚಬೇಡಿ. ಅದು ಮುಗಿದ ಮೇಲೆ ಎಸ್‌ಎಫ್‌ಸಿ, ಜಾಗ, ಓರೆಗೆರೆ, ಸ್ಕ್ಯಾನ್‌ನೌ (sfc /scannow). ಮೊದಲನೆಯದು ಒಳ್ಳೆಯ ಫೈಲುಗಳ ದಾಸ್ತಾನನ್ನು ಸರಿಪಡಿಸುತ್ತದೆ, ಎರಡನೆಯದು ಆ ದಾಸ್ತಾನಿನಿಂದ ತೆಗೆದು ಕೆಟ್ಟವುಗಳ ಜಾಗದಲ್ಲಿ ಇಡುತ್ತದೆ. ಆದ್ದರಿಂದಲೇ ಈ ಕ್ರಮ ಅದಲುಬದಲಾಗಬಾರದು.

ಪರದೆ ಮಿನುಗುವುದು, ಸಿಕ್ಕಿಕೊಳ್ಳುವುದು ನಿಲ್ಲದಿದ್ದರೆ ಶಿಫ್ಟ್ ಹಿಡಿದುಕೊಂಡೇ ರೀಸ್ಟಾರ್ಟ್ ಒತ್ತಿ. ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್ ಆದ ಬಳಿಕ 4 ಒತ್ತಿದರೆ ತೀರ ಅಗತ್ಯವಾದವಷ್ಟೇ ನಡೆಯುವ ಸೇಫ್ ಮೋಡ್ ಬರುತ್ತದೆ. ಅಲ್ಲಿ ಎಲ್ಲವೂ ಸರಿಯಿದ್ದರೆ ಇತ್ತೀಚೆಗೆ ಹಾಕಿದ ಯಾವುದೋ ಡ್ರೈವರ್ (ಪ್ರಿಂಟರ್, ಪರದೆ ಮುಂತಾದ ಸಾಧನವನ್ನು ನಡೆಸುವ ತಂತ್ರಾಂಶ) ಅಥವಾ ಬೇರೆ ತಂತ್ರಾಂಶ ಕಾರಣ, ಅದನ್ನು ತೆಗೆದು ನೋಡಿ.

ಇಷ್ಟರಿಂದಲೂ ಆಗದಿದ್ದರೆ ರೀಸೆಟ್ ದಿಸ್ ಪಿಸಿ ಇದೆ. ಇದರಲ್ಲಿ ಕೀಪ್ ಮೈ ಫೈಲ್ಸ್ ಆರಿಸಿದರೆ ನಿಮ್ಮ ಫೈಲುಗಳು ಉಳಿಯುತ್ತವೆ, ನೀವು ಹಾಕಿಕೊಂಡ ತಂತ್ರಾಂಶಗಳು ಮಾತ್ರ ಹೋಗುತ್ತವೆ. ಕ್ಲೌಡ್ ಡೌನ್‌ಲೋಡ್ ಆರಿಸಿದರೆ ಸುಮಾರು 4 ಜಿಬಿ ಡೇಟಾ ಬೇಕಾಗುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ಬಳಸುವವರು ಇದನ್ನು ಗಮನದಲ್ಲಿಡಬೇಕು.

ವಿಂಡೋಸ್ 10 ಇರುವವರಿಗೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. 22ಎಚ್2 ಆವೃತ್ತಿ ಇರುವವರು ವಿಂಡೋಸ್ ಅಪ್‌ಡೇಟ್ ಪುಟದಿಂದಲೇ ನೋಂದಾಯಿಸಿಕೊಂಡು 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್‌ಗಳನ್ನು ಪಡೆಯುವ ಅವಕಾಶ ಕೊಡಲಾಗಿದೆ. ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗವಲ್ಲದೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಕೂಡ ಬೇಕು, ಇಂಟೆಲ್ ಆದರೆ ಬಹುತೇಕ 8ನೇ ತಲೆಮಾರು ಅಥವಾ ಈಚಿನ ಪ್ರೊಸೆಸರ್ ಇರಬೇಕು. ಪಿಸಿ ಹೆಲ್ತ್ ಚೆಕ್ ಎಂಬ ಮೈಕ್ರೋಸಾಫ್ಟ್‌ನ ತಂತ್ರಾಂಶ ನಿಮ್ಮ ಯಂತ್ರ ಇದಕ್ಕೆ ಒಗ್ಗುತ್ತದೆಯೇ ಎಂದು ಹೇಳುತ್ತದೆ.

ಒಗ್ಗದಿದ್ದರೆ, ಮತ್ತು ಕಂಪ್ಯೂಟರಿನ ಬಳಕೆ ಮಕ್ಕಳ ಓದು, ಯೂಟ್ಯೂಬ್, ಪತ್ರ ಬರೆಯುವುದು ಇಷ್ಟಕ್ಕೇ ಸೀಮಿತವಾಗಿದ್ದರೆ, ವಿಂಡೋಸ್‌ಗೆ ಬದಲಾಗಿ ಹಾಕಿಕೊಳ್ಳಬಹುದಾದ ಉಚಿತ ವ್ಯವಸ್ಥೆಯಾದ ಲಿನಕ್ಸ್ ಮಿಂಟ್ ನೋಡಬಹುದು. ಯೂನಿಕೋಡ್ ಕನ್ನಡಕ್ಕೆ, ನುಡಿ ಬಳಸುವವರಿಗೆ ಪರಿಚಿತವಾದ ಕಗಪ (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ವಿನ್ಯಾಸ ಅದರಲ್ಲೇ ಸಿಗುವುದರಿಂದ ಬೆರಳುಗಳಿಗೆ ಹೆಚ್ಚು ಹೊಸ ಅಭ್ಯಾಸ ಬೇಕಿಲ್ಲ. ಟ್ಯಾಲಿ ಮತ್ತು ನುಡಿ ತಂತ್ರಾಂಶಗಳು ಮಾತ್ರ ಅದರಲ್ಲಿ ನೇರವಾಗಿ ನಡೆಯುವುದಿಲ್ಲ, ಆದ್ದರಿಂದ ಅಂಗಡಿಯ ಲೆಕ್ಕ ಇರುವ ಯಂತ್ರಕ್ಕೆ ಇದು ಹೊಂದದು. ಪೆನ್‌ಡ್ರೈವ್‌ನಿಂದಲೇ ಅದನ್ನು ಓಡಿಸಿ, ವೈಫೈ, ಪ್ರಿಂಟರ್, ಧ್ವನಿ ಮೂರೂ ಸರಿಯಾಗಿ ನಡೆಯುತ್ತವೆಯೇ ಎಂದು ಕೆಲವು ದಿನ ಬಳಸಿ ನೋಡಿದ ನಂತರವೇ ಡಿಸ್ಕ್‌ಗೆ ಇಳಿಸಿಕೊಳ್ಳಿ.