ತಕ್ಕಡಿ ಮಾತ್ರ ನೋಡಿ ಹುಂಜ ಉಳಿಸಬೇಡಿ

ಹೋದ ವರ್ಷ ಹಿಂಡಿನಲ್ಲೇ ಭಾರದ ಹುಂಜವನ್ನು ತಳಿಗೆಂದು ಉಳಿಸಿಕೊಂಡೆ. ಅದರ ಮರಿಗಳೂ ಚೆನ್ನಾಗಿ ತೂಗಿದವು. ಒಂದನ್ನು ಕೊಯ್ದಾಗ ಹೊಟ್ಟೆಯೊಳಗೆ ಹಿಡಿ ತುಂಬ ಕೊಬ್ಬು! ಅಂಕೋಲೆಯ ನಮ್ಮ ಮನೆಯಲ್ಲಿ ವಡೆಯ ಜೊತೆ ಆ ಸಾರು ಯಾರಿಗೂ ಸೇರಲಿಲ್ಲ.

ತೂಕ ಅಂದರೆ ಮಾಂಸವೂ ಹೌದು, ಕೊಬ್ಬೂ ಹೌದು. ಎರಡರ ಹಿಂದೆಯೂ ಹತ್ತಾರು ಜೀನ್‌ಗಳಿವೆ. ಮಯೋಸ್ಟಾಟಿನ್ ಎಂಬ ಜೀನ್ ಮಾಂಸ ಮಿತಿಮೀರಿ ಬೆಳೆಯದಂತೆ ಲಗಾಮು ಹಿಡಿಯುತ್ತದೆ. ಪಿಪಿಎಆರ್ ಗಾಮಾ ಎಂಬ ಇನ್ನೊಂದು ಜೀನ್ ಕೊಬ್ಬಿನ ಕೋಶ ತಯಾರಾಗಲು ಬೇಕು. ಬರೀ ತೂಕ ನೋಡಿ ಆರಿಸುತ್ತ ಹೋದರೆ ಮಾಂಸದ ಜೊತೆ ಕೊಬ್ಬೂ ಏರುತ್ತದೆ. ಆದರೆ ಇವೆರಡನ್ನೂ ಬಿಡಿಸಬಹುದು. ಫ್ರಾನ್ಸಿನ ಸಂಶೋಧಕರು ಕೆಲವೇ ತಲೆಮಾರುಗಳಲ್ಲಿ ಒಂದೇ ತೂಕದ, ಆದರೆ ಒಂದರಲ್ಲಿ ಕೊಬ್ಬು ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇರುವ ಎರಡು ವಂಶದ ಕೋಳಿಗಳನ್ನು ಮಾಡಿ ತೋರಿಸಿದ್ದಾರೆ.

ತಳಿಯ ಕೈ ಎಷ್ಟು ದೊಡ್ಡದು ಅಂತೀರಾ? ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ 1957, 1978 ಮತ್ತು 2005ರ ಮಾಂಸದ ಕೋಳಿ ತಳಿಗಳಿಗೆ ಒಂದೇ ಆಹಾರ ಹಾಕಿ ಸಾಕಿದರು. 56ನೇ ದಿನ ಅವು ತೂಗಿದ್ದು 905, 1808 ಮತ್ತು 4202 ಗ್ರಾಂ.

ಈಗ ಮನೆಯ ಕೆಲಸ. ಊರ ಕೋಳಿ ಇದ್ದವರಿಗೆ ಮಾತ್ರ ಇದು. ಗಿರಿರಾಜ, ಸ್ವರ್ಣಧಾರಾ ಬೆರಕೆ ತಳಿಗಳು, ಅವುಗಳ ಮರಿ ತಾಯ್ತಂದೆಯಂತೆಯೇ ಬರುವುದಿಲ್ಲ. ಪ್ರತಿ ಸಲ ಹೊಸ ಮರಿ ತರುವುದೇ ಸರಿ.

ಮೊದಲು ಗುರುತು. ಕಾವಿಗೆ ಕೂತ 21ನೇ ದಿನ ಮರಿ ಹೊರಬರುತ್ತವೆ. ಒಂದೊಂದು ಹೇಂಟೆಯ ಮರಿಗಳ ಕಾಲಿಗೆ ಒಂದೊಂದು ಬಣ್ಣದ ದಾರ ಕಟ್ಟಿ. ಯಾವ ಹೇಂಟೆ, ಯಾವ ಹುಂಜ ಅಂತ ಕ್ಯಾಲೆಂಡರಿನ ಹಿಂದೆ ಬರೆದಿಡಿ. ವಾರಕ್ಕೊಮ್ಮೆ ದಾರ ಸಡಿಲ ಮಾಡಲೇಬೇಕು, ಇಲ್ಲದಿದ್ದರೆ ಕಾಲಿಗೆ ಕಚ್ಚಿಕೊಳ್ಳುತ್ತದೆ.

ಮಾಂಸದ ಎಳೆಗಳ ಲೆಕ್ಕ ಬಹುಮಟ್ಟಿಗೆ ಮೊಟ್ಟೆಯೊಳಗೇ ಮುಗಿದಿರುತ್ತದೆ. ಆಮೇಲೆ ಅವು ದಪ್ಪವಾಗುತ್ತವೆ ಅಷ್ಟೇ. ಹಾಗಾಗಿ ಮೊದಲ ವಾರ ಮರಿಗಳಿಗೆ ಸುಮ್ನೆ ನುಚ್ಚು ಎರಚಬೇಡಿ, ಪ್ರೊಟೀನ್ ಹೆಚ್ಚಿರುವ ಮರಿಗಳ ಆಹಾರ (ಸ್ಟಾರ್ಟರ್ ಫೀಡ್) ಕೊಡಿ. ಒಣಮೀನಿನ ಪುಡಿ ಕೊಡುವವರಿದ್ದಾರೆ. ಉಪ್ಪು ಹಾಕಿ ಒಣಗಿಸಿದ್ದು ಬೇಡವೇ ಬೇಡ.

ಎಲ್ಲ ಮರಿಗೂ ಒಂದೇ ತಿನಿಸು ಇರಲಿ. ಕೋಳಿಯ ಕೊಬ್ಬು ಹೆಚ್ಚಾಗಿ ತಯಾರಾಗುವುದು ಪಿತ್ತಜನಕಾಂಗದಲ್ಲಿ. ಜಾಸ್ತಿ ತಿಂದ ಅಕ್ಕಿ ಅಲ್ಲಿ ಕೊಬ್ಬಾಗುತ್ತದೆ. ಒಂದು ಗೂಡಿಗೆ ನುಚ್ಚು ಹೆಚ್ಚು ಬಿದ್ದರೆ ನೀವು ಅಳೆಯುವುದು ತಳಿಯನ್ನಲ್ಲ, ನುಚ್ಚನ್ನು.

ಎಂಟನೇ ವಾರ ಮತ್ತು ಹನ್ನೆರಡನೇ ವಾರ ತೂಗಿ. ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ. ಬಟ್ಟೆ ಚೀಲದಲ್ಲಿ ಹಾಕಿ ತೂಗುಕೊಕ್ಕೆಗೆ ಸಿಕ್ಕಿಸಿದರೆ ಒದ್ದಾಟ ಕಡಿಮೆ. ಆಗಲೇ ಎದೆ ಮುಟ್ಟಿ ನೋಡಿ. ನಡುವಿನ ಎಲುಬು ಕತ್ತಿಯ ಅಲಗಿನಂತೆ ಸಿಕ್ಕಿದರೆ ಮಾಂಸ ಕಡಿಮೆ. ಎರಡೂ ಬದಿ ತುಂಬಿ ಎಲುಬು ಒಳಗೆ ಅಡಗಿದ್ದರೆ ಒಳ್ಳೆಯದು.

ಮುಖ್ಯ ಕೆಲಸ ಇನ್ನು. ಜೀವಂತ ಹುಂಜದ ಹೊಟ್ಟೆಯೊಳಗೆ ನಾವು ಇಣುಕಲಾರೆವು. ಅದರ ಒಡಹುಟ್ಟಿದವು ಹೇಗೂ ಅಡುಗೆಗೆ ಹೋಗುತ್ತವಲ್ವಾ? ಅವನ್ನು ಕೊಯ್ದಾಗ ಹೊಟ್ಟೆಯ ತಳದಲ್ಲಿರುವ ಕೊಬ್ಬಿನ ಗಟ್ಟಿಯನ್ನು ಬೇರೆ ತೆಗೆದು ತೂಗಿ. ಒಂದೂವರೆ ಕಿಲೋದ ಕೋಳಿಯಲ್ಲಿ 15 ಗ್ರಾಂ ಸಿಕ್ಕರೆ ಶೇ 1, 45 ಗ್ರಾಂ ಸಿಕ್ಕರೆ ಶೇ 3. ಹೇಂಟೆಗೆ ಕೊಬ್ಬು ಸಹಜವಾಗಿಯೇ ಜಾಸ್ತಿ, ಹಾಗಾಗಿ ಹುಂಜಕ್ಕೆ ಹುಂಜವನ್ನೇ ಹೋಲಿಸಿ. ಯಾವ ಬಣ್ಣದ ದಾರದ ಅಣ್ಣತಮ್ಮಂದಿರಲ್ಲಿ ಕೊಬ್ಬು ಕಡಿಮೆ, ಎದೆ ತುಂಬಿದೆಯೋ ಅದೇ ದಾರದ ಹುಂಜ ಉಳಿಯಲಿ.

ಕಾಲು, ಚರ್ಮ ಹಳದಿಯಾದರೆ ಕೊಬ್ಬು ಜಾಸ್ತಿ ಅಂತ ಪಕ್ಕದ ಮನೆಯವರ ವಾದ. ಅದು ಬೇರೆಯೇ ಕಥೆ. ಸಾಕುಕೋಳಿಗೆ ಹಳದಿ ಚರ್ಮದ ಜೀನ್ ಬಂದಿದ್ದು ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ಸಂಶೋಧಕರು ಕಂಡುಕೊಂಡರು. ಶಿರಸಿ ಘಟ್ಟದಲ್ಲಿ ಬೆಳಗಿನ ಜಾವ ಕೂಗುತ್ತದಲ್ಲ, ಅದೇ. ಕೊಬ್ಬಿಗೂ ಆ ಬಣ್ಣಕ್ಕೂ ಗಂಟು ಹಾಕಬೇಡಿ.

ಕೊನೆಗೆ, ಹುಂಜವನ್ನು ಅದರ ಮಗಳಂದಿರ ಜೊತೆ ಬಿಡಬೇಡಿ. ವರ್ಷಕ್ಕೊಮ್ಮೆ ಬೇರೆ ಊರಿನ ನೆಂಟರ ಜೊತೆ ಹುಂಜ ಬದಲಿಸಿಕೊಳ್ಳಿ.

ಈ ಸಲ ನಾನು ಉಳಿಸಿದ್ದು ಕೆಂಪು ದಾರದ್ದು. ತೂಕದಲ್ಲಿ ಅದು ಮೂರನೆಯದು.