ಸ್ತ್ರೀವಾದದ ಚರ್ಚೆಯಲ್ಲಿ ಗಂಡಸಿನ ಮಾತು: ಒಬ್ಬ ಸಿವಿಲ್ ವಕೀಲನ ಅನುಭವ

ನಾನು ವಕೀಲಿಕೆ ಮಾಡುವ ತಾಲ್ಲೂಕು ಕೇಂದ್ರದಲ್ಲಿ ಮಹಿಳೆಯರೇ ಕಟ್ಟಿ ನಡೆಸುವ ಒಂದು ಓದುಕೂಟವಿದೆ. ಉಪನ್ಯಾಸಕಿಯರು, ಅಂಗನವಾಡಿ ಕಾರ್ಯಕರ್ತೆಯರು, ಸ್ವಸಹಾಯ ಸಂಘದವರು ಬರುತ್ತಾರೆ. ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಕಾನೂನು ವಿವರಿಸಲು ನನ್ನನ್ನು ಮೊದಲು ಅಲ್ಲಿಗೆ ಕರೆದರು. ಮಾತು ಕಾನೂನನ್ನು ದಾಟಿ ಸ್ತ್ರೀವಾದದ ಒಳಗಿನ ಜಗಳಗಳಿಗೆ ಹೊರಳಿದಾಗಲೂ ನಾನು ಎದ್ದು ಬರಲಿಲ್ಲ. ಒಪ್ಪಿದ್ದನ್ನು ಒಪ್ಪಿದೆ, ಒಪ್ಪದ್ದನ್ನು ಅಲ್ಲೇ ಹೇಳಿದೆ. ಗಂಡಸರು ಸ್ತ್ರೀವಾದವನ್ನು ವಿಮರ್ಶಿಸಬಹುದೇ ಎಂದು ಕಿರಿಯ ವಕೀಲರು ಕೇಳುತ್ತಾರೆ. ಖಂಡಿತ ವಿಮರ್ಶಿಸಬಹುದು. ಆದರೆ ಚರ್ಚೆಗೆ ಬಂದಿರುವ ಸಂಗತಿಯಿಂದ ತನಗೆ ದಕ್ಕಿರುವುದೇನು, ತಾನು ಬಿಟ್ಟುಕೊಡಬೇಕಾದದ್ದೇನು ಎಂಬ ಲೆಕ್ಕವನ್ನು ಮೊದಲು ಎಲ್ಲರ ಮುಂದೆ ಇಡಬೇಕು.

ನನ್ನ ಲೆಕ್ಕ ಹೀಗಿದೆ. ನಮ್ಮ ತಂದೆ ತೀರಿಕೊಂಡ ಮೇಲೆ ತೆಂಗಿನ ತೋಟ ಮತ್ತು ಮನೆಯ ವಿಭಾಗವಾಗಬೇಕಿತ್ತು. ವಂಶವೃಕ್ಷದಲ್ಲಿ ಅಕ್ಕ, ತಂಗಿ ಇಬ್ಬರ ಹೆಸರನ್ನೂ ಬರೆಸಿದೆ. ಅಕ್ಕ ತನ್ನ ಭಾಗ ತೆಗೆದುಕೊಂಡಳು. ತಂಗಿ ಮಾತ್ರ ತನ್ನ ಪಾಲನ್ನೆಲ್ಲ ನನಗೇ ಬಿಟ್ಟುಕೊಡುತ್ತೇನೆ, ಪತ್ರ ಬರೆದುಬಿಡು ಎಂದಳು. ಲಾಭ ಪಡೆಯುವವನೇ ಪತ್ರ ಬರೆಯುವುದು ಸರಿಯಲ್ಲವೆಂದು ಅವಳನ್ನು ಬೇರೆ ಊರಿನ ಒಬ್ಬ ವಕೀಲೆಯ ಬಳಿಗೆ ಕಳಿಸಿದೆ. ಅವರೊಡನೆ ಮಾತಾಡಿ ಬಂದವಳು ತೋಟದ ಭಾಗವನ್ನು ಉಳಿಸಿಕೊಂಡು ಮನೆಯ ಪಾಲನ್ನಷ್ಟೇ ನನಗೆ ಬಿಟ್ಟಳು. ಆ ಮನೆಯಲ್ಲಿಯೇ ನಾನಿದ್ದೇನೆ. ಇದನ್ನು ಹೇಳಿದ ನಂತರವೇ ಕೂಟದಲ್ಲಿ ಪಾಲಿನ ಬಗ್ಗೆ ವಾದ ಮಾಡಿದ್ದೇನೆ. ಎದುರಿಗಿರುವವರಿಗೆ ನನ್ನ ಮಾತನ್ನು ಎಷ್ಟು ನಂಬಬೇಕು, ಎಲ್ಲಿ ಅನುಮಾನಿಸಬೇಕು ಎಂಬುದು ಆಗ ತಿಳಿಯುತ್ತದೆ.

ಇದೆಲ್ಲ ಹೆಂಗಸರ ವಿಷಯ, ನಮಗೇಕೆ ಎನ್ನುವ ಗಂಡಸರಿಗೆ ಕಾನೂನಿನ ಇತಿಹಾಸವೇ ಉತ್ತರ. ಮದುವೆ, ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹಕ್ಕು ಕೊಡಲು ಹೊರಟಿದ್ದ ಹಿಂದೂ ಸಂಹಿತೆ ಮಸೂದೆ ನನೆಗುದಿಗೆ ಬಿದ್ದಾಗ, 1951ರಲ್ಲಿ ಅಂಬೇಡ್ಕರ್ ಕಾನೂನು ಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಾಗಲೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕು ಗಂಡುಮಕ್ಕಳಿಗೇ ಉಳಿಯಿತು. ಕರ್ನಾಟಕ 1994ರಲ್ಲಿ ಹೆಣ್ಣುಮಕ್ಕಳಿಗೂ ಆ ಹಕ್ಕು ಕೊಟ್ಟಿತಾದರೂ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ಅಳಿಸಿತು. ಈ ಹಕ್ಕು ಸಿಗಲು ತಿದ್ದುಪಡಿ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಅಷ್ಟೂ ವರ್ಷ ಆ ಹೆಚ್ಚಿನ ಪಾಲನ್ನು ಉಂಡವರು ನಾವು. ಉಂಡವರಿಗೆ ಚರ್ಚೆಯಿಂದ ವಿನಾಯಿತಿ ಸಿಗಬಾರದು.

ನಮ್ಮ ಕೂಟದಲ್ಲಿ ಅತಿ ಹೆಚ್ಚು ಕಾವೇರಿದ ಚರ್ಚೆ ಹಕ್ಕು ಬಿಡುಗಡೆ ಪತ್ರದ್ದು, ಅಂದರೆ ತನ್ನ ಪಾಲನ್ನು ಬಿಟ್ಟುಕೊಟ್ಟಿದ್ದೇನೆ ಎಂದು ಬರೆದುಕೊಡುವ ಪತ್ರದ್ದು. ಉಪನೋಂದಣಾಧಿಕಾರಿ ಕಚೇರಿಗೆ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಕರೆತರುವುದು, ಒಂದು ಸೀರೆ ಕೊಟ್ಟು ಸಹಿ ಹಾಕಿಸಿಕೊಂಡು ಹೋಗುವುದು ನನಗೆ ನಿತ್ಯದ ನೋಟ. ಸಹಿ ಹಾಕುವುದು ಆಕೆಯ ತೀರ್ಮಾನ, ಅದನ್ನು ಗೌರವಿಸುವುದೇ ಸ್ತ್ರೀವಾದ ಎಂದು ಒಬ್ಬ ಉಪನ್ಯಾಸಕಿ ವಾದಿಸಿದರು. ನಾನು ಒಪ್ಪಲಿಲ್ಲ. ತಂಗಿಗೆ ಪಾಲು ಬಿಟ್ಟುಕೊಡುತ್ತೇನೆಂದು ಬಂದ ಅಣ್ಣನನ್ನು ನನ್ನ ವೃತ್ತಿಯಲ್ಲಿ ಕಂಡದ್ದು ತೀರ ವಿರಳ. ಎಲ್ಲರ ತೀರ್ಮಾನವೂ ಒಂದೇ ದಿಕ್ಕಿಗೆ ಹರಿಯುತ್ತಿದ್ದರೆ ನೆಲ ಆ ಕಡೆಗೆ ಇಳಿಜಾರಾಗಿದೆ ಎಂದೇ ಅರ್ಥ. ವ್ಯಕ್ತಿಯ ತೀರ್ಮಾನವನ್ನು ಗೌರವಿಸುವಲ್ಲಿಗೆ ನಿಂತುಬಿಡುವ ಸ್ತ್ರೀವಾದ ನನ್ನಂಥ ಅಣ್ಣಂದಿರಿಗೆ ಬಹಳ ಅನುಕೂಲದ್ದು ಎಂದೆ.

ಅದಕ್ಕೆ ಉತ್ತರ ಬಂದದ್ದು ಒಬ್ಬ ಅಂಗನವಾಡಿ ಕಾರ್ಯಕರ್ತೆಯಿಂದ. "ಸರ್, ಗಂಡ ಹೊರಗೆ ಹಾಕಿದ ರಾತ್ರಿ ನಾನು ಮಗುವನ್ನು ಎತ್ತಿಕೊಂಡು ಹೋಗಿದ್ದು ಅಣ್ಣನ ಮನೆಗೆ. ಅವತ್ತು ಆ ಬಾಗಿಲು ತೆರೆಯದಿದ್ದರೆ ಕೋರ್ಟಿನ ಡಿಕ್ರಿ ಹಿಡಿದುಕೊಂಡು ಎಲ್ಲಿ ಮಲಗುತ್ತಿದ್ದೆ? ಪಾಲು ಕೇಳಿದವಳಿಗೆ ಗೌರಿ ಹಬ್ಬದ ಬಾಗಿನವೂ ಬರುವುದಿಲ್ಲ" ಎಂದರು. ತವರಿನ ಬಾಗಿಲಿಗೆ ಬೆಲೆ ಕಟ್ಟಿಯೇ ಆಕೆ ಸಹಿ ಹಾಕಿದ್ದರು. ನಾನು ಮತ್ತೂ ವಾದಿಸಿದೆ. ಹಿಂದೆ ಉತ್ತರಾಧಿಕಾರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ವಾಸದ ಮನೆಯಲ್ಲಿ ಪಾಲು ಕೇಳಲು ಹೆಣ್ಣುಮಕ್ಕಳು ಗಂಡುಮಕ್ಕಳ ತೀರ್ಮಾನಕ್ಕೆ ಕಾಯಬೇಕಿತ್ತು. 2005ರಲ್ಲಿ ಆ ಸೆಕ್ಷನ್ನನ್ನೇ ತೆಗೆದುಹಾಕಲಾಗಿದೆ. ಆ ಬಾಗಿಲು ಅಣ್ಣನ ಕರುಣೆಯಿಂದ ತೆರೆಯಬೇಕಿಲ್ಲ, ಮನೆಯಲ್ಲಿ ಹೆಣ್ಣುಮಕ್ಕಳದೂ ಭಾಗವಿದೆ ಎಂದೆ. "ಕಾಗದದಲ್ಲಿ ಇದೆ" ಎಂದು ಆಕೆ ಸುಮ್ಮನಾದರು.

ನಮ್ಮಿಬ್ಬರ ನಡುವೆ ಆ ವಾದ ಮುಗಿದಿಲ್ಲ. ಆದರೆ ನನ್ನ ಕಚೇರಿಯ ಕೆಲಸದ ರೀತಿ ಅದರಿಂದ ಬದಲಾಗಿದೆ. ಬಿಡುಗಡೆ ಪತ್ರಕ್ಕೆಂದು ಬರುವ ಹೆಣ್ಣುಮಗಳನ್ನು ಅಣ್ಣತಮ್ಮಂದಿರಿಲ್ಲದ ಕೋಣೆಯಲ್ಲಿ ಕೂರಿಸಿ ಮಾತಾಡುತ್ತೇನೆ. ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವಾಗ ವಂಶವೃಕ್ಷದಲ್ಲಿ ಎಲ್ಲ ಹೆಣ್ಣುಮಕ್ಕಳ ಹೆಸರಿದೆಯೇ ಎಂದು ನೋಡುತ್ತೇನೆ, ಏಕೆಂದರೆ ಅವರ ಹೆಸರು ಕಾಣೆಯಾಗುವುದು ಅಲ್ಲಿಯೇ. ಈಗಲೇ ಭಾಗವೂ ಬೇಡ, ಬಿಡುಗಡೆಯೂ ಬೇಡ, ಪಹಣಿಯಲ್ಲಿ ಜಂಟಿಯಾಗಿ ಹೆಸರು ಉಳಿಯಲಿ ಎಂಬ ದಾರಿಯನ್ನೂ ತೋರಿಸುತ್ತೇನೆ. ಅಣ್ಣನೊಡನೆ ಮನಸ್ತಾಪವಿಲ್ಲದೆ ಹಕ್ಕು ಉಳಿಯುವುದರಿಂದ ಕೆಲವರು ಇದನ್ನೇ ಆರಿಸಿಕೊಳ್ಳುತ್ತಾರೆ. ಸಹಿ ಹಾಕಿಯೇ ತೀರುತ್ತೇನೆ ಎನ್ನುವವರಿಗೆ, ತವರಿನಲ್ಲಿ ವಾಸದ ಹಕ್ಕನ್ನು ಅದೇ ಪತ್ರದಲ್ಲಿ ಬರೆಸಿಕೊಳ್ಳಲು ಹೇಳುತ್ತೇನೆ. ಈ ಕೊನೆಯ ಉಪಾಯ ನನಗೆ ಹೊಳೆದದ್ದು ಆ ಕಾರ್ಯಕರ್ತೆಯ ಮಾತಿನಿಂದಲೇ.

ಇಡೀ ಚರ್ಚೆಯ ಮೇಲೆಯೇ ಇನ್ನೊಂದು ದೊಡ್ಡ ಆಕ್ಷೇಪ ಬಂತು. "ನಮ್ಮಪ್ಪನ ಹೆಸರಿನಲ್ಲಿ ಪಹಣಿಯೇ ಇರಲಿಲ್ಲ. ನಿಮ್ಮ ತೋಟದಲ್ಲಿ ಕೂಲಿ ಮಾಡಿದವರು ನಾವು. ನಿಮ್ಮ ಸ್ತ್ರೀವಾದದಲ್ಲಿ ನಮ್ಮ ಪಾಲು ಯಾವುದು?" ಎಂದು ಸ್ವಸಹಾಯ ಸಂಘದ ಒಬ್ಬ ದಲಿತ ಮಹಿಳೆ ಕೇಳಿದರು. ಭೂರಹಿತ ದಲಿತ ಕೃಷಿ ಕಾರ್ಮಿಕ ಮಹಿಳೆಯರಿಗೆ ಜಮೀನು ಕೊಡಿಸುವ ಭೂ ಒಡೆತನ ಯೋಜನೆಯ ಅರ್ಜಿಗಳನ್ನು ಕೂಟ ಕೈಗೆತ್ತಿಕೊಂಡದ್ದು ಆಮೇಲೆ. ನೋಡಿ, ಸ್ತ್ರೀವಾದವನ್ನು ಹಳಿಯಲೆಂದೇ ಇಂಥ ಪ್ರಶ್ನೆಯನ್ನು ಕಡ ತೆಗೆದುಕೊಳ್ಳುವ ಗಂಡಸರಿದ್ದಾರೆ. ನಾನು ಆ ಕೆಲಸ ಮಾಡುವುದಿಲ್ಲ. ಆಕೆ ಕೇಳಿದ್ದು ಜಮೀನು ಇರುವ ನನ್ನನ್ನೂ ಸೇರಿಸಿ.

ಬಾರ್ ಅಸೋಸಿಯೇಷನ್ನಿನ ಕೋಣೆಯಲ್ಲಿ ಮಾತು ಶುರುವಾಗುವುದೇ ಸುಳ್ಳು ವರದಕ್ಷಿಣೆ ಕೇಸುಗಳಿಂದ. ಅದನ್ನೂ ನಾನು ಕೂಟಕ್ಕೆ ಒಯ್ದಿದ್ದೇನೆ, ಕಾಗದಪತ್ರ ಸಮೇತ. ಹಾಸಿಗೆ ಹಿಡಿದ ವೃದ್ಧೆಯ ಹೆಸರೂ ಸೇರಿದ್ದ ಒಂದು ದೂರನ್ನು ಹೆಸರು ಮರೆಮಾಡಿ ಓದಿದೆ. ಯಾರೂ ನನ್ನ ಮೇಲೆ ಹರಿಹಾಯಲಿಲ್ಲ. ಗಂಡ, ಅವನ ಮನೆಯವರ ಕ್ರೌರ್ಯದ ವಿರುದ್ಧ ಆಗಿದ್ದ ದಂಡ ಸಂಹಿತೆಯ 498ಎ ಸೆಕ್ಷನ್ ಅಡಿ ದೂರು ಬಂದ ಮಾತ್ರಕ್ಕೆ ಬಂಧಿಸಬಾರದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿಯೇ ಪೊಲೀಸರಿಗೆ ಹೇಳಿದ್ದನ್ನು ಚರ್ಚಿಸಿದೆವು. ದೂರು ಬರೆಯುವ ವಕೀಲರೇ ಮನೆಮಂದಿಯನ್ನೆಲ್ಲ ಸೇರಿಸುತ್ತಾರಲ್ಲವೇ ಎಂದು ಒಬ್ಬರು ಕೇಳಿದರು. ನಿಜ, ಆ ಚಾಳಿ ನನ್ನ ವೃತ್ತಿಯದು. ಈಗ ಬಾರ್ ಕೋಣೆಯಲ್ಲಿ ನಾನು ಅಲ್ಲಿಂದಲೇ ಮಾತು ಶುರು ಮಾಡುತ್ತೇನೆ.

ಕೂಟದಲ್ಲಿ ತಲೆಯಾಡಿಸುತ್ತ ಕೂತು, ಹೊರಗೆ ಬಂದು ತಮ್ಮ ಆಕ್ಷೇಪ ಹೇಳುವ ಗಂಡಸರ ಬಗ್ಗೆ ನನಗೆ ಸಿಟ್ಟಿದೆ. ಆ ಹೆಂಗಸರು ವಾದ ತಡೆದುಕೊಳ್ಳಲಾರರು ಎಂದು ಒಳಗೊಳಗೇ ತೀರ್ಮಾನಿಸಿದವರು ಮಾಡುವ ಕೆಲಸ ಅದು.

ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಮುನ್ನ ತಿಳಿಯಬೇಕಾದ ಸಂಗತಿಗಳ ಕರಪತ್ರವೊಂದನ್ನು ಕೂಟ ಸಿದ್ಧಪಡಿಸುತ್ತಿದೆ. ನನ್ನ ಕರಡಿನ ಮೊದಲ ಸಾಲು "ಸಹಿ ಹಾಕಬೇಡಿ" ಎಂದಿತ್ತು. ಅಂಗನವಾಡಿ ಕಾರ್ಯಕರ್ತೆ ಅದನ್ನು ಹೊಡೆದು "ವಾಸದ ಹಕ್ಕು ಬರೆಸಿಕೊಳ್ಳದೆ ಸಹಿ ಹಾಕಬೇಡಿ" ಎಂದು ಬರೆದಿದ್ದಾರೆ. ಮುಂದಿನ ಸಭೆಯಲ್ಲಿ ನನ್ನ ಸಾಲಿಗಾಗಿ ಮತ್ತೆ ವಾದಿಸುತ್ತೇನೆ. ಯಾವ ಸಾಲು ಉಳಿದರೂ ಅದನ್ನು ಹಾಲಿನ ಡೇರಿಗೆ ಒಯ್ದು ಅಣ್ಣತಮ್ಮಂದಿರ ಕೈಗೆ ಕೊಡುವ ಕೆಲಸ ನನ್ನದೆಂದು ಒಪ್ಪಿಕೊಂಡಿದ್ದೇನೆ.