ನಾಯಿ ನುಂಗಬಾರದ್ದನ್ನು ನುಂಗಿದಾಗ: ಮಾವಿನ ವಾಟೆಯಿಂದ ಇಲಿ ಪಾಷಾಣದವರೆಗೆ

ಮಾವಿನ ಕಾಲ ಬಂತೆಂದರೆ ನಾಯಿ ಸಾಕಿದ ಮನೆಯ ಕಸದ ಬುಟ್ಟಿಗೆ ಮುಚ್ಚಳ ಇರಲೇಬೇಕು. ಚಾಕೊಲೇಟ್ ಕೆಟ್ಟದ್ದು ಅಂತ ಈಗ ಎಲ್ಲರಿಗೂ ಗೊತ್ತು. ಆದರೆ ಮಾವಿನ ವಾಟೆಗೆ, ಅಂದರೆ ಗೊರಟಿಗೆ, ಯಾರೂ ಹೆದರುವುದಿಲ್ಲ. ಬಾದಾಮಿ ಹಣ್ಣು ತಿಂದು ಬಿಸಾಡಿದ ವಾಟೆ ನಾಯಿಗೆ ಸಿಹಿ ಮೆತ್ತಿದ ಮೂಳೆ. ಎರಡು ಸಲ ನೆಕ್ಕುತ್ತದೆ, ಕಿತ್ತುಕೊಳ್ಳಲು ಬರುವ ಕೈ ಕಂಡರೆ ಇಡಿಯಾಗಿ ನುಂಗುತ್ತದೆ. ತಿರುಳು ಮೆತ್ತಿರುವಾಗ ಜಾರಿಕೊಂಡು ಗಂಟಲಿಳಿದದ್ದು, ಹೊಟ್ಟೆಯಲ್ಲಿ ತಿರುಳು ಕರಗಿ ನಾರು ಮಾತ್ರ ಉಳಿದ ಮೇಲೆ ಜಾರುವುದಿಲ್ಲ. ಸಣ್ಣ ಕರುಳಿಗೆ ಇಳಿದರೆ ಬಾಟಲಿಗೆ ಬಿರಡೆ ಹೊಡೆದ ಹಾಗೆ ಕೂರುತ್ತದೆ. ಕೆಲವು ಸಲ ಹೊಟ್ಟೆಯಲ್ಲೇ ಎಷ್ಟೋ ದಿನ ತಣ್ಣಗೆ ಬಿದ್ದಿದ್ದು, ಆಮೇಲೆ ಒಂದು ದಿನ ಇಳಿದು ಅಡ್ಡಗಟ್ಟುವುದೂ ಉಂಟು. ಹಾಗಾಗಿ "ನಿನ್ನೆ ನುಂಗ್ತು, ಇವತ್ತು ಚೆನ್ನಾಗೇ ಇದೆ" ಅನ್ನುವುದು ಸಮಾಧಾನಪಡುವ ಮಾತಲ್ಲ.

ಚಾಮುಂಡಿ ಬೆಟ್ಟದ ದಾರಿಯಲ್ಲಿ ತಿಂದೆಸೆದ ಜೋಳದ ದಿಂಡು, ಮಂಡ್ಯದ ಕಡೆ ಎಲ್ಲೆಂದರಲ್ಲಿ ಬಿದ್ದಿರುವ ಜಗಿದುಗಿದ ಕಬ್ಬಿನ ಸಿಪ್ಪೆ, ತೆಂಗಿನ ನಾರು, ಕಾಲುಚೀಲ ಇವೆಲ್ಲ ಅದೇ ಜಾತಿ. ಯಾವುದೂ ವಿಷವಲ್ಲ, ಯಾವುದೂ ಜೀರ್ಣವಾಗುವುದಿಲ್ಲ.

ಮೊದಲು ಫೋನು, ಆಮೇಲೆ ಬಾಯಿಗೆ ಕೈ

ಡಾಕ್ಟರು ಕೇಳುವುದು ನಾಲ್ಕೇ ಪ್ರಶ್ನೆ: ಏನು, ಎಷ್ಟು, ಯಾವಾಗ, ನಾಯಿಯ ತೂಕ ಎಷ್ಟು. ಉತ್ತರ ತಯಾರಿಟ್ಟುಕೊಂಡು ಫೋನ್ ಮಾಡಿ. ತೂಕ ಗೊತ್ತಿಲ್ಲದಿದ್ದರೆ ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ನಿಮ್ಮ ತೂಕ ಕಳೆಯಿರಿ. ಮಾತ್ರೆಯಾದರೆ ಖಾಲಿ ಸ್ಟ್ರಿಪ್ಪಿನಲ್ಲಿ ಎಷ್ಟು ಗುಳಿ ಒಡೆದಿವೆ ಎಣಿಸಿ. ವಿಷವಾದರೆ ಪೊಟ್ಟಣ ಎತ್ತಿಟ್ಟುಕೊಳ್ಳಿ; ಕಂಪನಿ ಹೆಸರಿಗಿಂತ ಕೆಳಗೆ ಸಣ್ಣಕ್ಷರದಲ್ಲಿರುವ ರಾಸಾಯನಿಕದ ಹೆಸರು ಮುಖ್ಯ. "12 ಕೆಜಿ ನಾಯಿ, 20 ನಿಮಿಷದ ಹಿಂದೆ ಅರ್ಧ ಕೇಕ್ ಬ್ರೋಮಾಡಿಯೋಲೋನ್ ಇಲಿ ಪಾಷಾಣ, ವಾಂತಿ ಆಗಿಲ್ಲ, ಒಸಡು ಗುಲಾಬಿ ಬಣ್ಣದಲ್ಲೇ ಇದೆ" ಎಂದರೆ ಡಾಕ್ಟರಿಗೆ ಅಷ್ಟೇ ಸಾಕು.

ಒಸಡು ನೋಡುವುದು ಹೀಗೆ: ತುಟಿ ಎತ್ತಿ, ಕೋರೆಹಲ್ಲಿನ ಮೇಲಿನ ಒಸಡನ್ನು ಬೆರಳಿಂದ ಒತ್ತಿ ಬಿಡಿ. ಬಿಳಿಚಿದ ಜಾಗಕ್ಕೆ 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಬಿಳಿ, ನೀಲಿ ಅಥವಾ ಕಂದು ಬಣ್ಣ ಕಂಡರೆ ಫೋನಿನಲ್ಲೂ ಕಾಲ ಕಳೆಯಬೇಡಿ, ಗಾಡಿ ಹತ್ತಿ. ಹುಟ್ಟುಕಪ್ಪು ಒಸಡಿನ ನಾಯಿಗಳಲ್ಲಿ ಕೆಳ ರೆಪ್ಪೆ ಎಳೆದು ಒಳಗಿನ ಬಣ್ಣ ನೋಡಿ.

ಉಸಿರೇ ಕಟ್ಟಿದ್ದರೆ ಮಾತ್ರ ಈ ಕ್ರಮ ಬೇರೆ. ಬಾಯಿ ತೆರೆದು ನೋಡಿ, ವಸ್ತು ಕಣ್ಣಿಗೆ ಕಂಡರಷ್ಟೇ ತೆಗೆಯಿರಿ. ಕುರುಡಾಗಿ ಬೆರಳು ಹಾಕಿದರೆ ಇನ್ನೂ ಒಳಗೆ ಹೋಗುತ್ತದೆ. ಚಿಕ್ಕ ನಾಯಿಯನ್ನು ತಲೆ ಕೆಳಗಾಗುವಂತೆ ಹಿಡಿದು ಭುಜಗಳ ನಡುವೆ ಅಂಗೈಯಿಂದ 5 ಏಟು ಕೊಡಿ. ದೊಡ್ಡದಾದರೆ ಹಿಂದೆ ನಿಂತು ಹೊಟ್ಟೆಯನ್ನು ಬಳಸಿ ಹಿಡಿದು, ಪಕ್ಕೆಲುಬು ಮುಗಿಯುವಲ್ಲಿ ಮುಷ್ಟಿಯಿಟ್ಟು ಮೇಲಕ್ಕೂ ಮುಂದಕ್ಕೂ 5 ಸಲ ಒತ್ತಿ. ಹೊರಬಂದರೂ ಡಾಕ್ಟರಿಗೆ ತೋರಿಸಿ.

ವಾಂತಿ ಮಾಡಿಸುವ ವಿಷಯ

ಹೆಚ್ಚು ಅನಾಹುತ ಆಗುವುದು ಇಲ್ಲೇ. ಉಪ್ಪುನೀರು, ಹುಣಸೆನೀರು, ಹರಳೆಣ್ಣೆ, ಹಸಿ ಮೊಟ್ಟೆ ಹೀಗೆ ಬೀದಿಗೊಂದು ಸಲಹೆ ಸಿಗುತ್ತದೆ. ಉಪ್ಪು ರಕ್ತದ ಸೋಡಿಯಂ ಏರಿಸಿ ತಾನೇ ಫಿಟ್ಸ್ ತರಿಸುತ್ತದೆ. ಎಣ್ಣೆ ಮತ್ತು ಹಾಲಿನ ಕೊಬ್ಬು ಹಲವು ಕೀಟನಾಶಕಗಳನ್ನು ಇನ್ನೂ ಬೇಗ ರಕ್ತಕ್ಕೆ ಸೇರಿಸುತ್ತದೆ. ಹುಣಸೆಯ ಕಥೆ ಮುಂದೆ ಬರುತ್ತದೆ, ಅದು ನಾಯಿಗೆ ಸ್ವತಃ ವಿಷ.

ಟಾಯ್ಲೆಟ್ ತೊಳೆಯುವ ಆಸಿಡ್, ಸೀಮೆಎಣ್ಣೆ, ಪೆಟ್ರೋಲ್, ಸೂಜಿ, ಬ್ಲೇಡು, ಮೂಳೆ, ಬ್ಯಾಟರಿ ನುಂಗಿದ್ದರೆ ವಾಂತಿ ಮಾಡಿಸಲೇಬಾರದು. ಆಸಿಡ್ ಇಳಿಯುವಾಗ ಒಮ್ಮೆ ಸುಟ್ಟದ್ದು ಏರುವಾಗ ಇನ್ನೊಮ್ಮೆ ಸುಡುತ್ತದೆ. ಸೀಮೆಎಣ್ಣೆ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ಮಂಕಾಗಿರುವ, ಅದುರುತ್ತಿರುವ ನಾಯಿಗೂ ಬೇಡ. ಪಗ್ಗಿನಂಥ ಚಪ್ಪಟೆ ಮೂತಿಯವಕ್ಕೆ ಆಸ್ಪತ್ರೆಯಲ್ಲೇ ಆಗಬೇಕು. ನುಂಗಿ 2 ಗಂಟೆ ದಾಟಿದ್ದರೆ ಬಹುತೇಕ ಪ್ರಯೋಜನವೂ ಇಲ್ಲ.

ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸುತ್ತಾರೆ, ಒಳ್ಳೆಯ ದಾರಿ ಅದೇ. ನೀವು ಕ್ಲಿನಿಕ್ಕಿಗೆ ತುಂಬ ದೂರವಿದ್ದು, ಡಾಕ್ಟರೇ ಫೋನಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಕೊಡಿ ಎಂದರೆ ಒಂದು ವಿಷಯ ಗಮನಿಸಿ. ಅದಕ್ಕೆ ಹೇಳುವ ಲೆಕ್ಕವೆಲ್ಲ 3%ನದು. ನಮ್ಮ ಮೆಡಿಕಲ್ ಸ್ಟೋರುಗಳಲ್ಲಿ ಗಾಯ ತೊಳೆಯಲು ಸಿಗುವುದು ಸಾಮಾನ್ಯವಾಗಿ 6%ನದು. ಲೇಬಲ್ ಓದಿ, 6% ಇದ್ದರೆ ಅಷ್ಟೇ ಅಳತೆ ಕುಡಿಯುವ ನೀರು ಬೆರೆಸಿ. ಹಾಗೆ ತೆಳುವಾಗಿಸಿದ್ದರಲ್ಲಿ ಕೆಜಿಗೆ 1 ಮಿಲಿ, ನಾಯಿ ಎಷ್ಟೇ ದೊಡ್ಡದಿದ್ದರೂ 45 ಮಿಲಿ ಮೀರಬಾರದು. ಸೂಜಿ ತೆಗೆದ ಸಿರಿಂಜಿನಿಂದ ಕೆನ್ನೆಯ ಸಂದಿಗೆ ನಿಧಾನವಾಗಿ ಬಿಡಿ, ತಲೆ ಮೇಲೆತ್ತಿ ಗಂಟಲಿಗೆ ಸುರಿಯಬೇಡಿ. ಸ್ವಲ್ಪ ನಡೆದಾಡಿಸಿದರೆ 10–15 ನಿಮಿಷದಲ್ಲಿ ಕಾರುತ್ತದೆ. ಹೊಟ್ಟೆಯ ಒಳಪದರ ಉರಿಯುವುದರಿಂದ ಮತ್ತೆ ಮತ್ತೆ ಕೊಡುವಂತಿಲ್ಲ. ಕೂದಲಿಗೆ ಹಚ್ಚುವ ಪೆರಾಕ್ಸೈಡ್ ಇನ್ನೂ ಗಟ್ಟಿ, ಅದು ಬೇಡವೇ ಬೇಡ.

ಅಡ್ಡಗಟ್ಟಿದೆಯೇ ಎಂದು ತಿಳಿಯುವುದು

ಹೋಗುವ ವಸ್ತುವಾದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಹೋಗುತ್ತದೆ. ಕಾಯಿರಿ ಎಂದು ಡಾಕ್ಟರು ಹೇಳಿದರೆ ಪ್ರತಿ ಸಲದ ಕಕ್ಕಸನ್ನೂ ಕಡ್ಡಿಯಿಂದ ಕೆದಕಿ ನೋಡಬೇಕು, ಬೇರೆ ದಾರಿಯಿಲ್ಲ. ಹುಲ್ಲಿನಲ್ಲಿ ಬಿಟ್ಟರೆ ಸಿಗುವುದಿಲ್ಲ. ಆ ದಿನಗಳಲ್ಲಿ ಹಗ್ಗ ಕಟ್ಟಿ ಸಿಮೆಂಟು ನೆಲದಲ್ಲೋ ಬರೀ ಮಣ್ಣಿನಲ್ಲೋ ಮಾಡಿಸಿ.

ಕುಡಿದ ನೀರೂ ನಿಲ್ಲದೆ ವಾಂತಿ, ಊಟ ಬಿಡುವುದು, ಕಕ್ಕಸು ನಿಲ್ಲುವುದು ಅಥವಾ ಬರೀ ಲೋಳೆ ಬರುವುದು ಅಡ್ಡಗಟ್ಟಿದ ಗುರುತು. ಹೊಟ್ಟೆನೋವಿನ ನಾಯಿ ಮುಂಗಾಲು ಚಾಚಿ, ಎದೆ ನೆಲಕ್ಕೆ ತಾಗಿಸಿ, ಹಿಂಭಾಗ ಮೇಲೆತ್ತಿ ನಮಸ್ಕಾರ ಹಾಕಿದ ಹಾಗೆ ನಿಲ್ಲುತ್ತದೆ. ಆಟಕ್ಕೆ ಕರೆಯುವಾಗಲೂ ಅದೇ ಭಂಗಿ, ಆದರೆ ಆಗ ಬಾಲ ಆಡುತ್ತಿರುತ್ತದೆ.

ಎಕ್ಸ್‌ರೇಯಲ್ಲಿ ನಾಣ್ಯ, ಮೂಳೆ, ಕಲ್ಲು ಸ್ಪಷ್ಟವಾಗಿ ಕಾಣುತ್ತವೆ. ವಾಟೆ, ಬಟ್ಟೆ, ಪ್ಲಾಸ್ಟಿಕ್ ನೇರವಾಗಿ ಕಾಣದೆ, ಅವುಗಳ ಹಿಂದೆ ಗಾಳಿ ತುಂಬಿ ಉಬ್ಬಿದ ಕರುಳಷ್ಟೇ ಕಾಣಬಹುದು. ಆದ್ದರಿಂದ ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲವೆಂದು ನಿರಾಳವಾಗಬೇಡಿ, ಸ್ಕ್ಯಾನಿಂಗ್ ಬೇಕೇ ಕೇಳಿ. ನುಂಗಿದ ವಸ್ತುವಿನ ಜೋಡಿ ಇದ್ದರೆ ಜೊತೆಗೆ ಒಯ್ಯಿರಿ: ಇನ್ನೊಂದು ಕಾಲುಚೀಲ, ಅದೇ ಅಳತೆಯ ಚೆಂಡು, ಅದೇ ತಳಿಯ ವಾಟೆ. ಹೊಟ್ಟೆಯಲ್ಲಿ ಇರುವವರೆಗೆ ಎಂಡೋಸ್ಕೋಪಿಯಿಂದ, ಅಂದರೆ ಬಾಯಿಯಿಂದ ಇಳಿಸುವ ಕ್ಯಾಮೆರಾ ಕೊಳವೆಯಿಂದ, ತೆಗೆಯುವ ಅವಕಾಶ ಇರುತ್ತದೆ. ಕರುಳಲ್ಲಿ ಸಿಕ್ಕಿದ ಮೇಲೆ ಆಪರೇಷನ್ನೇ. ಎಂಡೋಸ್ಕೋಪ್ ಎಲ್ಲ ಕಡೆ ಇರುವುದಿಲ್ಲ, ಹೊರಡುವ ಮೊದಲೇ ಕೇಳಿ. ಅರಿವಳಿಕೆ ಬೇಕಾಗಬಹುದು, ಹಾಗಾಗಿ ದಾರಿಯಲ್ಲಿ ಬಾಳೆಹಣ್ಣು, ಮುದ್ದೆ ಏನೂ ತಿನ್ನಿಸಬೇಡಿ.

ದಾರಕ್ಕೆ ಬೇರೆಯೇ ಎಚ್ಚರಿಕೆ ಬೇಕು. ದೇವರಿಗೆ ಮುಡಿಸಿ ತೆಗೆದ ಮಲ್ಲಿಗೆ ಮಾಲೆ, ಲಂಗದ ಲಾಡಿ, ಹೊಲಿಗೆ ದಾರ ಯಾವುದಾದರೂ ಸರಿ. ಒಂದು ತುದಿ ನಾಲಿಗೆ ಬುಡದಲ್ಲೋ ಜಠರದ ಬಾಯಲ್ಲೋ ಸಿಕ್ಕಿಕೊಳ್ಳುತ್ತದೆ, ಇನ್ನೊಂದನ್ನು ಕರುಳು ಕೆಳಕ್ಕೆ ಎಳೆಯುತ್ತಲೇ ಇರುತ್ತದೆ. ಲಾಡಿ ಎಳೆದಾಗ ಲಂಗ ಸುಕ್ಕುಗಟ್ಟುವ ಹಾಗೆ ಕರುಳು ಸುಕ್ಕುಗಟ್ಟಿ, ದಾರ ಗರಗಸದಂತೆ ಅದನ್ನು ಕೊಯ್ಯುತ್ತದೆ. ಬಾಯಲ್ಲೋ ಹಿಂದಿನಿಂದಲೋ ದಾರ ನೇತಾಡುತ್ತಿದ್ದರೆ ಎಳೆಯಬೇಡಿ. ಹಿಂದಿನದು ನೆಲಕ್ಕೆ ತಾಗುವಷ್ಟಿದ್ದರೆ ಅರ್ಧಕ್ಕೆ ಕತ್ತರಿಸಿ ಕರೆದೊಯ್ಯಿರಿ. ಬಾಯಿಯದನ್ನು ಮುಟ್ಟದೆ ಹಾಗೇ ಬಿಡಿ.

ಬಾಡೂಟದ ಮೂಳೆ ಹೊಟ್ಟೆ ತಲುಪಿದರೆ ಜಠರದ ಆಮ್ಲ ಎಷ್ಟೋ ಪಾಲು ಕರಗಿಸುತ್ತದೆ. ಅನ್ನನಾಳದಲ್ಲಿ ನಿಂತರೆ ಕಷ್ಟ: ನಾಯಿ ಉಸಿರಾಡುತ್ತಿರುತ್ತದೆ, ಆದರೆ ಕತ್ತು ನೀಡಿ ಜೊಲ್ಲು ಸುರಿಸುತ್ತ ಓಕರಿಸುತ್ತದೆ. ಅದೇ ದಿನ ತೆಗೆಸಬೇಕು. ಬೆಂದ ಕೋಳಿ ಮೂಳೆ ಸಿಬಿರಾಗಿ ಒಡೆಯುತ್ತದೆ, ಕೊಡದಿರುವುದೇ ಲೇಸು. ನಲ್ಲಿ ಮೂಳೆಯ ಬಳೆಯಂಥ ತುಂಡು ಕೆಳದವಡೆಗೆ ಉಂಗುರದಂತೆ ಸಿಕ್ಕಿಕೊಳ್ಳುವುದೂ ಇದೆ. ಅಡುಗೆ ಎಣ್ಣೆ ಸವರಿ ಒಮ್ಮೆ ಮೆಲ್ಲಗೆ ಪ್ರಯತ್ನಿಸಿ. ಬರದಿದ್ದರೆ ಕಟಿಂಗ್ ಪ್ಲೇಯರ್ ಹುಡುಕಬೇಡಿ, ಡಾಕ್ಟರು ಮಂಪರು ಕೊಟ್ಟು ಕತ್ತರಿಸುತ್ತಾರೆ.

ರಿಮೋಟಿನ ಬಿಲ್ಲೆ ಬ್ಯಾಟರಿ ಸಿಕ್ಕಿಕೊಂಡ ಜಾಗವನ್ನು ಅರ್ಧ ಗಂಟೆಯೊಳಗೇ ಸುಡತೊಡಗುತ್ತದೆ. ಅದಕ್ಕೆ ಕಾದು ನೋಡುವ ಮಾತೇ ಇಲ್ಲ.

ಅಡುಗೆಮನೆ ಮತ್ತು ಮಾತ್ರೆ ಡಬ್ಬ

ಹಾಲಿನ ಚಾಕೊಲೇಟಿನಲ್ಲಿ ಗ್ರಾಂಗೆ ಸುಮಾರು 2 ಮಿಗ್ರಾಂ ಥಿಯೋಬ್ರೋಮಿನ್ ಇರುತ್ತದೆ, ನಾಯಿಗೆ ವಿಷವಾಗುವುದು ಅದೇ. ದೇಹತೂಕದ ಕೆಜಿಗೆ 20 ಮಿಗ್ರಾಂ ಆದಾಗ ವಾಂತಿ, ಚಡಪಡಿಕೆ, 40 ದಾಟಿದರೆ ಹೃದಯದ ಬಡಿತ ತಪ್ಪುತ್ತದೆ, 60ಕ್ಕೆ ಫಿಟ್ಸ್. ಅಂದರೆ 10 ಕೆಜಿ ನಾಯಿ 100 ಗ್ರಾಂ ಬಾರ್ ತಿಂದರೆ ಮೊದಲ ಮೆಟ್ಟಿಲಲ್ಲಿದೆ. ಕಪ್ಪು ಚಾಕೊಲೇಟಿನಲ್ಲಿ ಇದರ ಎರಡೂವರೆ ಪಟ್ಟೋ ಹೆಚ್ಚೋ ಇರುತ್ತದೆ, ಕೋಕೋ ಪುಡಿಯಲ್ಲಿ ಇನ್ನೂ ಹೆಚ್ಚು. ಈರುಳ್ಳಿ ಕೆಜಿಗೆ 15 ಗ್ರಾಂ ದಾಟಿದರೆ ಕೆಂಪು ರಕ್ತಕಣ ಒಡೆಯುತ್ತವೆ; ಬೇಯಿಸಿದರೂ ಅಷ್ಟೇ, ಗುರುತು ಕಾಣಲು ಕೆಲವು ದಿನ ಬೇಕು. ಮೈಸೂರು ಪಾಕು ವಿಷವಲ್ಲ, ಆದರೆ ಡಬ್ಬವನ್ನೇ ಖಾಲಿ ಮಾಡಿದರೆ ಅಷ್ಟು ತುಪ್ಪಕ್ಕೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು.

ದ್ರಾಕ್ಷಿ, ಒಣದ್ರಾಕ್ಷಿಗೆ ಸುರಕ್ಷಿತ ಪ್ರಮಾಣವೇ ಇಲ್ಲ. ಒಂದರಿಂದ ಮೂರು ದಿನದಲ್ಲಿ ಮೂತ್ರಪಿಂಡ ಕೈಕೊಡಬಹುದು. ಅದಕ್ಕೆ ಕಾರಣ ಟಾರ್ಟಾರಿಕ್ ಆಮ್ಲ ಎಂಬುದು ಈಗಿನ ಬಲವಾದ ಶಂಕೆ. ಆ ಆಮ್ಲ ಹುಣಸೆಯಲ್ಲಿ ಹೇರಳ. ಹುಣಸೆ ತಿಂದು ಮೂತ್ರಪಿಂಡ ಕೆಟ್ಟ ನಾಯಿಗಳ ವರದಿ 2022ರಲ್ಲಿ ಪ್ರಕಟವಾಗಿದೆ. ಪುಳಿಯೋಗರೆ ಗೊಜ್ಜಿನ ಬಾಟಲಿ, ಒಣಗಲು ಹಾಕಿದ ಹುಣಸೆಹಣ್ಣು ನಾಯಿಗೆ ಎಟುಕಬಾರದು.

ಪ್ಯಾರಾಸಿಟಮಾಲ್ ಕೆಜಿಗೆ 100 ಮಿಗ್ರಾಂ ಮುಟ್ಟಿದರೆ ಯಕೃತ್ತಿಗೆ ಅಪಾಯ: 5 ಕೆಜಿ ನಾಯಿ 650ರ ಒಂದೇ ಮಾತ್ರೆ ನುಂಗಿದರೂ 130 ಆಯಿತು. ಐಬುಪ್ರೊಫೆನ್ ಅದಕ್ಕಿಂತ ಕಡಿಮೆಗೇ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ. ಸಕ್ಕರೆಯಿಲ್ಲದ ಚೂಯಿಂಗ್ ಗಮ್ಮಿನಲ್ಲಿ ಕ್ಸೈಲಿಟಾಲ್ ಎಂಬ ಬದಲಿ ಸಿಹಿ ಇದ್ದರೆ ರಕ್ತದ ಸಕ್ಕರೆ ದಿಢೀರನೆ ಕುಸಿಯುತ್ತದೆ.

ಕೈತೋಟದ ಕಡೆಯೂ ನೋಡಿ. ಕಣಗಿಲೆ ಹೃದಯಕ್ಕೆ, ಸೈಕಾಸ್ ಬೀಜ ಯಕೃತ್ತಿಗೆ ಕೇಡು. ಗುಲಾಬಿ ಬುಡಕ್ಕೆ ಹಾಕುವ ಹರಳು ಹಿಂಡಿಯಲ್ಲಿ ರೈಸಿನ್ ವಿಷ ಉಳಿದಿರಬಹುದು. ಎಲುಬಿನ ಪುಡಿ ಬೆರೆಸಿದರಂತೂ ನಾಯಿಗೆ ಅದು ಊಟದ ವಾಸನೆ.

ಇಲಿ ಪಾಷಾಣ

ಯಾವ ಪಾಷಾಣ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಮಂಡ್ಯದ ಗದ್ದೆ ಬದುಗಳಲ್ಲಿ ನುಚ್ಚು, ಎಣ್ಣೆಯ ಜೊತೆ ಕಲಸಿಡುವ ಬೂದುಗಪ್ಪು ಪುಡಿ ಜಿಂಕ್ ಫಾಸ್ಫೈಡ್. ಅದು ಜಠರದ ಆಮ್ಲ ಸೇರಿದ ಕೂಡಲೇ ಫಾಸ್ಫೀನ್ ಅನಿಲವಾಗುತ್ತದೆ. ಕಾಲು ಗಂಟೆಯಿಂದ 4 ಗಂಟೆಯೊಳಗೆ ಗುರುತು ಕಾಣುತ್ತದೆ. ಊಟ ಹಾಕಿದರೆ ಆಮ್ಲ ಹೆಚ್ಚಿ ಅನಿಲವೂ ಹೆಚ್ಚುತ್ತದೆ, ಒಂದು ತುತ್ತೂ ಕೊಡಬೇಡಿ. ನಾಯಿ ಕಾರಿದಾಗ ಬೆಳ್ಳುಳ್ಳಿಯದೋ ಕೊಳೆತ ಮೀನಿನದೋ ವಾಸನೆ ಬಂದರೆ ಅದೇ ಅನಿಲ, ನಿಮಗೂ ಅಪಾಯ. ಕಾರಿನ ಕಿಟಕಿಗಳನ್ನೆಲ್ಲ ಇಳಿಸಿ, ವಾಂತಿಯ ಮೇಲೆ ಬಗ್ಗಿ ನೋಡಬೇಡಿ. ವಾಸನೆ ಬರಲಿಲ್ಲ ಎಂದ ಮಾತ್ರಕ್ಕೆ ಅನಿಲ ಇಲ್ಲವೆಂದಲ್ಲ.

ಮನೆ, ಗೋಡೌನುಗಳಲ್ಲಿ ಇಡುವ ಬಣ್ಣದ ಬಿಲ್ಲೆ ಬಹುತೇಕ ಬ್ರೋಮಾಡಿಯೋಲೋನ್. ತಿಂದ ದಿನ ಏನೂ ಆಗುವುದಿಲ್ಲ. ಮೂರರಿಂದ ಐದು ದಿನಕ್ಕೆ ರಕ್ತ ಹೆಪ್ಪುಗಟ್ಟುವುದು ನಿಂತು ಒಸಡು, ಮೂಗು, ಎದೆಗೂಡಿನೊಳಗೆ ಸೋರುತ್ತದೆ. ಮದ್ದು ವಿಟಮಿನ್ ಕೆ1. ಅಂಗಡಿಯವರು ಕೆ3 ಕೊಟ್ಟರೆ ತೆಗೆದುಕೊಳ್ಳಬೇಡಿ, ಈ ವಿಷಕ್ಕೆ ಅದು ನಡೆಯುವುದಿಲ್ಲ. 3–4 ವಾರ ಬಿಡದೆ ಕೊಟ್ಟು, ಕೊನೆಯ ಡೋಸ್ ಆಗಿ 48–72 ಗಂಟೆಗೆ ಹೆಪ್ಪುಗಟ್ಟುವ ಪರೀಕ್ಷೆ ಮಾಡಿಸಬೇಕು. ಚೆನ್ನಾಗಾಯಿತೆಂದು ವಾರಕ್ಕೇ ನಿಲ್ಲಿಸಿದರೆ ರಕ್ತಸ್ರಾವ ಮರುಕಳಿಸುತ್ತದೆ.

ಟ್ಯೂಬಿನಲ್ಲಿ ಬರುವ ಪೇಸ್ಟು ಹಳದಿ ರಂಜಕದ್ದಾಗಿದ್ದರೆ ಇನ್ನೂ ಮೋಸ: ಮೊದಲ ದಿನ ವಾಂತಿ, ಆಮೇಲೆ ಒಂದೆರಡು ದಿನ ಗುಣವಾದಂತೆ ತೋರಿ, ನಂತರ ಯಕೃತ್ತು ಕೈಬಿಡುತ್ತದೆ. ಕಬ್ಬು, ತರಕಾರಿಗೆ ಹೊಡೆಯುವ ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕವಾದರೆ ಜೊಲ್ಲು, ಭೇದಿ, ಸೂಜಿಮೊನೆಯಂತೆ ಕಿರಿದಾದ ಕಣ್ಣಿನ ಪಾಪೆ, ಮೈನಡುಕ. ಇದಕ್ಕೆ ಅಟ್ರೋಪಿನ್ ಎಂಬ ಮದ್ದು ಇದೆ, ಬೇಗ ತಲುಪಬೇಕು ಅಷ್ಟೇ. ಮೈಮೇಲೂ ಬಿದ್ದಿದ್ದರೆ ಗ್ಲೌಸ್ ಹಾಕಿ ಸೋಪಿನಿಂದ ತೊಳೆಯಿರಿ.

ರಾತ್ರಿ ಬಾಗಿಲು ತೆರೆಯುವ ಕ್ಲಿನಿಕ್ ಯಾವುದೆಂದು ಇವತ್ತೇ ವಿಚಾರಿಸಿ ನಂಬರನ್ನು ಫ್ರಿಜ್ಜಿನ ಮೇಲೆ ಅಂಟಿಸಿ.

ಬಾಯಲ್ಲಿ ಇರುವಾಗಲೇ ಬಿಡಿಸುವುದು

ಅಟ್ಟಿಸಿಕೊಂಡು ಹೋದರೆ ನಾಯಿ ನುಂಗುತ್ತದೆ. ವಾಟೆ ಗಂಟಲಿಳಿಯುವುದು ಎಷ್ಟೋ ಸಲ ಹೀಗೆಯೇ. ಓಡಬೇಡಿ, ಕೂಗಬೇಡಿ. ಬೇಯಿಸಿದ ಕೋಳಿಯ ಚೂರನ್ನೋ ಪನೀರನ್ನೋ ಮೂಗಿನ ಹತ್ತಿರ ಹಿಡಿಯಿರಿ, ಬಾಯಿ ಬಿಟ್ಟ ಕೂಡಲೇ ಆ ಚೂರನ್ನು ನಾಲ್ಕಡಿ ದೂರ ಎಸೆದು, ಬಿದ್ದದ್ದನ್ನು ಕಾಲಿಂದ ಮುಚ್ಚಿ. ದಿನಕ್ಕೆ 5 ನಿಮಿಷ ಅದರ ಆಟದ ಸಾಮಾನಿನ ಮೇಲೇ "ಬಿಡು" ಅಭ್ಯಾಸ ಮಾಡಿಸಿ. ಬಿಟ್ಟಾಗ ತಿಂಡಿ ಕೊಟ್ಟು, ಆ ಸಾಮಾನನ್ನೂ ವಾಪಸ್ ಕೊಡಿ. ವಾಪಸ್ ಕೊಡದಿದ್ದರೆ ಮುಂದಿನ ಸಲ ಬಿಡುವುದಿಲ್ಲ. ಆಯುಧಪೂಜೆಯ ಮಾರನೇ ದಿನ ಮಾತ್ರ ಗಿಡ್ಡ ಹಗ್ಗದಲ್ಲೇ ವಾಕಿಂಗ್ ಮಾಡಿಸಿ: ರಸ್ತೆ ತುಂಬ ಒಡೆದ ಬೂದುಗುಂಬಳ, ಅದರ ತಿರುಳಿನಲ್ಲಿ ಹೂತ ಚಿಲ್ಲರೆ ಕಾಸು ಇರುತ್ತದೆ.